ಸಂಜೆಯ ಬಸ್ಸು ಬರುವ ಕಡೆ

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನೀಗ ಕೆಲಸ ಮಾಡುತ್ತೇನೆ. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವವಳು ನಾನೇ. ಬ್ಯಾನರಿನ ಎರಡು ತುದಿಯಲ್ಲಿರುವ ಮುಖಗಳು ಒಳಕ್ಕೆ ನೋಡುತ್ತಿದ್ದರೆ ಚೆಂದ ಎಂದು ಗಿರಾಕಿಗಳು ಫೋಟೋ ತಿರುಗಿಸಿ ಎನ್ನುತ್ತಾರೆ. ಒಂದು ಗುಂಡಿ ಒತ್ತಿದರೆ ಸಾಕು, ಎಡಕ್ಕೆ ನೋಡುತ್ತಿದ್ದವರು ಬಲಕ್ಕೆ ನೋಡುತ್ತಾರೆ. ನಾನು ಒತ್ತುವುದಿಲ್ಲ. ಬೇರೆ ಫೋಟೋ ತನ್ನಿ ಎನ್ನುತ್ತೇನೆ. ಇದೊಂದು ವಿಚಾರಕ್ಕೆ ಅಂಗಡಿಯ ಯಜಮಾನರಿಗೂ ನನಗೂ ಆಗಾಗ ಜಟಾಪಟಿ ನಡೆಯುತ್ತದೆ. ಕಾರಣ ಕೇಳಿದರೆ ನಾನು ಹೇಳುವುದಿಲ್ಲ. ಹೇಳಲು ಹೊರಟರೆ ಪುಣಜನೂರಿನ ತಿರುವಿನಿಂದ ಶುರುಮಾಡಬೇಕಾಗುತ್ತದೆ.

ನಾನು ಚಾಮರಾಜನಗರದಲ್ಲಿ ಅನಿಮೇಷನ್ ಓದಿದೆ. ಅಂಥ ಊರಿನಲ್ಲಿ ಅನಿಮೇಷನ್ ಕಲಿಸುತ್ತೇವೆ ಎಂದು ಕಾಲೇಜಿನವರು ಅದ್ಯಾವ ಧೈರ್ಯದ ಮೇಲೆ ಬೋರ್ಡು ಹಾಕಿದರೋ, ಅದನ್ನು ನಂಬಿ ನಾವು ಅದ್ಯಾವ ಧೈರ್ಯದ ಮೇಲೆ ಸೇರಿದೆವೋ, ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ನಮ್ಮ ಹಿಂದೆ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ. ಕೋರ್ಸು ನಮ್ಮ ಜೊತೆಗೇ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಪಾಠ ಮಾಡಲು ಉಳಿದಿದ್ದವರು ಒಬ್ಬರೇ, ಅವರೂ ಅತಿಥಿ ಉಪನ್ಯಾಸಕರು, ಅವರಿಗೂ ಮುಂದೆ ಕೆಲಸವಿರಲಿಲ್ಲ. ಲ್ಯಾಬಿನ ಕಂಪ್ಯೂಟರುಗಳನ್ನು ಕಾಮರ್ಸ್ ವಿಭಾಗದವರು ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದರು. ಕೆಲವರು ಯಾವ ಮೇಜು ಎಲ್ಲಿಗೆ ಎಂಬುದನ್ನೂ ನಮ್ಮೆದುರಿಗೇ ಮಾತಾಡಿಕೊಳ್ಳುತ್ತಿದ್ದರು.

ಹೀಗಿರುವಾಗ ನಾವು ಒಂದು ಸಿನಿಮಾ ಮಾಡಬೇಕಿತ್ತು. ಸಿನಿಮಾ ಎಂದರೆ ಕೆಲವೇ ನಿಮಿಷದ್ದು, ಕೈಯಲ್ಲಿ ಬರೆದ ಚಿತ್ರಗಳು ಓಡಾಡುವಂಥದ್ದು. ಅದು ಕೊನೆಯ ವರ್ಷದ ಗುಂಪಿನ ಪ್ರಾಜೆಕ್ಟು. ನಮ್ಮ ಗುಂಪಿನಲ್ಲಿ ಮೂವರು. ಗುಂಡ್ಲುಪೇಟೆಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ನಾನು, ಚಾಮರಾಜನಗರ ಪೇಟೆಯೊಳಗೇ ಮನೆಯಿದ್ದ ನನ್ನ ಗೆಳತಿ, ಮತ್ತು ಪುಣಜನೂರಿನ ಗೆಳೆಯ. ಗೆಳತಿ ಅಕ್ಷರಗಳನ್ನು ಮುತ್ತಿನಂತೆ ಬರೆಯುತ್ತಿದ್ದಳು. ನಾನು ವಾಹನ, ಕಟ್ಟಡ, ರಸ್ತೆ ಎಂದರೆ ಮುಂದೆ. ಮನುಷ್ಯರನ್ನು ಬರೆಯುವುದು ಪುಣಜನೂರಿನವನಿಗೆ ಬಿಟ್ಟದ್ದು. ಅವನು ಬೆನ್ನು ಬರೆದರೆ ಸಾಕು, ಆ ಮನುಷ್ಯ ಎಷ್ಟು ಹೊತ್ತಿನಿಂದ ನಿಂತಿದ್ದಾನೆ ಎಂದು ಹೇಳಬಹುದಿತ್ತು. ನಾನು ಸುಲಭಕ್ಕೆ ಯಾರನ್ನೂ ಮೆಚ್ಚುವವಳಲ್ಲ, ಅವನ ಕೈಯನ್ನು ಮೆಚ್ಚಿದ್ದೆ. ಅವನ ಬಾಯಿಂದ ಮಾತು ಹೊರಡಿಸುವುದು ಮಾತ್ರ ಕಷ್ಟ.

ಕಥೆ ಕೊಟ್ಟವನು ಅವನೇ. ಕಥೆ ಎನ್ನುವಂಥದ್ದೇನೂ ಅದರಲ್ಲಿರಲಿಲ್ಲ. ಅವನ ಊರು ಕಾಡಿನಂಚಿನದು. ಸತ್ಯಮಂಗಲದ ರಸ್ತೆ ಅಲ್ಲೊಂದು ಕಡೆ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ರಸ್ತೆ ಬಿಟ್ಟು ನೇರಕ್ಕೆ ಒಂದು ಕಾಲುದಾರಿ ಇಳಿಯುತ್ತದೆ, ಅದರ ತುದಿಗೆ ಇವನ ಮನೆಯೂ ಇನ್ನು ಕೆಲವು ಮನೆಗಳೂ ಇವೆ. ಕತ್ತಲಾಗುತ್ತಲೇ ಆ ಕಾಲುದಾರಿಯನ್ನು ಆನೆಗಳು ದಾಟುತ್ತವೆ. ಅದಕ್ಕೆ ಆ ರೂಟಿನ ಡ್ರೈವರುಗಳು ಒಂದು ರೂಢಿ ಇಟ್ಟುಕೊಂಡಿದ್ದಾರೆ. ಸಂಜೆಯ ಬಸ್ಸು ತಿರುವಿನಲ್ಲಿ ನಿಂತಾಗ ಅದರ ದೀಪ ನೇರವಾಗಿ ಕಾಲುದಾರಿಯ ಮೇಲೆ ಬೀಳುತ್ತದಲ್ಲ, ಇಳಿದವರು ಮೊದಲನೆಯ ಮನೆ ಮುಟ್ಟುವವರೆಗೂ ಬಸ್ಸು ಕದಲುವುದಿಲ್ಲ. ಮುಟ್ಟಿದ ಮೇಲೆ ಒಮ್ಮೆ ಹಾರನ್ ಹೊಡೆದು ಎಡಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ. ಒಳಗೆ ಕೂತ ತಮಿಳುನಾಡಿನ ಪ್ರಯಾಣಿಕರು ಗೊಣಗಿದರೂ ಅಷ್ಟೇ.

ಇವನು ಹೈಸ್ಕೂಲಿನಿಂದಲೂ ಆ ಬಸ್ಸಿನಲ್ಲೇ ಮನೆಗೆ ಹೋಗುತ್ತಿದ್ದವನು. ಅವನ ಅವ್ವ ಟಾರ್ಚು ಹಿಡಿದು ಕಾಲುದಾರಿಯ ಬಾಯಲ್ಲಿ ಬಂದು ನಿಲ್ಲುತ್ತಿದ್ದಳು. ಚಾಮರಾಜನಗರದಿಂದ ಬರುವಾಗ ಅದು ರಸ್ತೆಯ ಬಲಗಡೆ. ಬಸ್ಸಿನ ಬಾಗಿಲು ಇರುವುದು ಎಡಗಡೆ. ಹಾಗಾಗಿ ಬಸ್ಸು ಬಂದು ನಿಂತರೆ ಆಕೆಗೆ ಕಾಣುವುದು ಬಸ್ಸು ಮಾತ್ರ. ಮಗ ಇಳಿದನೋ ಇಲ್ಲವೋ ಗೊತ್ತಾಗುವುದಿಲ್ಲ. ಆಗ ಆಕೆ ಏನು ಮಾಡುತ್ತಿದ್ದಳೆಂಬುದನ್ನು ಅವನು ಕ್ಯಾಂಟೀನಿನ ಮೂಲೆಯಲ್ಲಿ ಕೂತು ಹೇಳಿದ. ಅಷ್ಟು ಉದ್ದದ ಮಾತನ್ನು ಅವನು ಒಂದೇ ಉಸಿರಿಗೆ ಆಡಿದ್ದು ಅದೇ ಮೊದಲು.

"ಬಸ್ನಡಿ ಬಗ್ಗಿ ನೋಡ್ತಾಳೆ ಕಣಮ್ಮಿ. ಆ ಕಡೆ ಇಳಿಯೋರ ಕಾಲು ಕಾಣ್ತವಲ್ಲ. ನನ್ ಕಾಲು ಅಂತ ಗೊತ್ತಾದ್ಮೇಲೇನೇ ನೆಟ್ಟಗಾಗೋದು. ನಾ ಬಸ್ ಮುಂದಿಂದ ಸುತ್ತ್ಕಂಡ್ ಬರೋವೊತ್ಗೆ, ನಂಗೇನೂ ಗೊತ್ತೇ ಇಲ್ಲ ಅನ್ನಂಗೆ ನಿಂತಿರ್ತಾಳೆ."

ನನ್ನ ಗೆಳತಿ ಅಲ್ಲೇ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಆದರೆ ಇದೇ ನಮ್ಮ ಸಿನಿಮಾ ಎಂದು ನಾನೇ ಮೊದಲು ಹೇಳಿದೆ. ಬಸ್ಸು ಬರುತ್ತದೆ, ಅವ್ವ ಬಗ್ಗುತ್ತಾಳೆ, ಕಾಲು ಕಾಣುತ್ತವೆ, ಬಸ್ಸಿನ ಬೆಳಕಿನಲ್ಲಿ ಇಬ್ಬರ ಉದ್ದನೆಯ ನೆರಳುಗಳು ಮುಂದೆ ಮುಂದೆ ಹೋಗಿ ಇವರಿಗಿಂತ ಮೊದಲೇ ಮನೆ ಮುಟ್ಟುತ್ತವೆ. ಅಷ್ಟೇ. ಆನೆ ಬರಬೇಕಾಗಿರಲಿಲ್ಲ. ಆನೆ ಇಲ್ಲದೆ ಕಾಡಿನ ಸಿನಿಮಾ ಯಾರು ನೋಡುತ್ತಾರೆ ಎಂದು ಸರ್ ಕೇಳಿದರು. ಅವ್ವ ನೋಡ್ತಾಳೆ ಎಂದು ಅವನು ಹೇಳಿದ. ಸರ್ ಅದನ್ನು ತಮಾಷೆ ಎಂದುಕೊಂಡು ನಕ್ಕರು.

ತಮಾಷೆಯಾಗಿರಲಿಲ್ಲ. ಅವನ ಅವ್ವನಿಗೆ ಆಗಲೇ ಕಾಯಿಲೆ ಬಲಿತಿತ್ತು. ಗರ್ಭಕೋಶದ ಕ್ಯಾನ್ಸರ್. ಊರಲ್ಲಿ ಹೊಟ್ಟೆನೋವು ಹೊಟ್ಟೆನೋವು ಎಂದು ಕಾಲ ಕಳೆದು, ಮೈಸೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಕೈಮೀರಿತ್ತು. ಮಗ ಏನು ಓದುತ್ತಿದ್ದಾನೆ ಎಂಬುದು ಆಕೆಗೆ ಕೊನೆಯವರೆಗೂ ಸರಿಯಾಗಿ ತಿಳಿದಿರಲಿಲ್ಲ. ಕಂಪ್ಯೂಟರ್ ಓದ್ತಾವ್ನೆ ಎಂದು ನೆಂಟರಿಗೆ ಹೇಳುತ್ತಿದ್ದಳಂತೆ. ಮಲಗಿದ ಮೇಲೆ ಒಂದು ದಿನ, ನೀನ್ ಏನ್ ಮಾಡೀಯೆ ಅಂತ ಒಂದ್ಸಲ ತೋರ್ಸು ಎಂದಿದ್ದಳಂತೆ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ತನ್ನನ್ನು ಹಾಗೆ ಕಾಯುತ್ತಿದ್ದವಳು ಅದನ್ನು ಪರದೆಯ ಮೇಲೆ ಒಂದು ಸಲ ನೋಡಬೇಕು. ನಮಗೆ ಮಾರ್ಕ್ಸು ಬೇಕಿತ್ತು, ಪೋರ್ಟ್‌ಫೋಲಿಯೋದಲ್ಲಿ ತೋರಿಸಲು ಏನಾದರೂ ಬೇಕಿತ್ತು. ಈ ವಿಷಯ ತಿಳಿದ ಮೇಲೆ ಅವನ್ನೆಲ್ಲ ಮಾತಾಡುವುದೇ ನಾಚಿಕೆಗೇಡೆನಿಸಿ ಬಿಟ್ಟುಬಿಟ್ಟೆವು.

ಸಿನಿಮಾ ಮಾಡುವ ಮೊದಲು ಸ್ಟೋರಿಬೋರ್ಡ್ ಮಾಡಬೇಕು. ಒಂದೊಂದು ದೃಶ್ಯವನ್ನೂ ಒಂದೊಂದು ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದು, ಸಾಲಾಗಿ ಗೋಡೆಗೆ ಅಂಟಿಸಿ, ಓದಿದರೆ ಇಡೀ ಸಿನಿಮಾ ಕಣ್ಣಿಗೆ ಕಟ್ಟಬೇಕು. ಪೂರ್ತಿ ಸಿನಿಮಾ ಆಗುವ ಭರವಸೆ ನಮಗೆ ಯಾರಿಗೂ ಇರಲಿಲ್ಲ. ಲ್ಯಾಬು ಅಷ್ಟು ದಿನ ಉಳಿಯುವುದು ಅನುಮಾನ, ಅವ್ವ ಅಷ್ಟು ದಿನ ಉಳಿಯುವುದು ಇನ್ನೂ ಅನುಮಾನ. ಸರ್ ಒಂದು ದಾರಿ ಹೇಳಿಕೊಟ್ಟರು. ಮೊದಲ ಭಾಗವನ್ನು, ಅಂದರೆ ಶೀರ್ಷಿಕೆ ಬರುವವರೆಗಿನದನ್ನು, ಚೆನ್ನಾಗಿ ಬೋರ್ಡ್ ಮಾಡಿ. ಆ ಚೌಕಗಳನ್ನೇ ಸ್ಕ್ಯಾನ್ ಮಾಡಿ, ಒಂದಾದ ಮೇಲೊಂದು ಜೋಡಿಸಿ, ಬಸ್ಸಿನ ಸದ್ದು ಹುಳುವಿನ ಸದ್ದು ಸೇರಿಸಿದರೆ ಸಿನಿಮಾದ ಹಾಗೇ ಕಾಣುತ್ತದೆ. ಅದನ್ನೇ ರಿವ್ಯೂಗೂ ಕೊಡಬಹುದು, ಅವನ ಮನೆಯಲ್ಲೂ ತೋರಿಸಬಹುದು ಎಂದರು.

ಕೆಲಸ ಹಂಚಿಕೊಂಡೆವು. ಚಾಮರಾಜನಗರದ ಬಸ್ ಸ್ಟ್ಯಾಂಡು, ಅಂಗಡಿ ಬೀದಿ, ಬಸ್ಸು ಹೊರಡುವುದು, ಇಷ್ಟು ಗೆಳತಿಯದು. ಕಿಟಕಿಯ ಪಕ್ಕ ಕೂತ ಹುಡುಗ, ದಾರಿ, ಹೊಲ, ಕತ್ತಲಾಗುವುದು ನನ್ನದು. ತಿರುವು, ಅವ್ವ, ಬಸ್ಸು ಬಂದು ನಿಲ್ಲುವುದು ಅವನದು. ಅವನು ಹೆಚ್ಚಿನ ದಿನ ಅವ್ವನ ಬಳಿಯೇ ಇರಬೇಕಿದ್ದರಿಂದ ಮೂವರೂ ಅವರವರ ಮನೆಯಲ್ಲಿ ಬರೆದು ಸೋಮವಾರ ತರುವುದೆಂದಾಯಿತು.

ನಾನು ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆದೆ. ನಮ್ಮ ಮನೆ ರಸ್ತೆಗೇ ಇದೆ. ಚೆಂಡುಹೂವಿನ ಕಾಲ, ಹೂವಿನ ಮೂಟೆ ತುಂಬಿದ ಗಾಡಿಗಳು ಓಡಾಡುತ್ತಿದ್ದವು. ಹೊಲಗಳಲ್ಲಿ ಫೋಟೋ ತೆಗೆಸಿಕೊಳ್ಳುವ ಕೇರಳದವರ ಕಾರುಗಳು ರಸ್ತೆಯುದ್ದಕ್ಕೂ. ಅಪ್ಪ ಬಿತ್ತನೆ ಬೀಜದ ಅಂಗಡಿಯಿಂದ ಊಟಕ್ಕೆ ಬಂದವರು ನನ್ನ ಹಾಳೆಗಳನ್ನು ನೋಡಿ, ಈ ಮೂರು ವರ್ಷದಲ್ಲಿ ಕಲಿತದ್ದು ಡಬ್ಬದೊಳಗೆ ಬಸ್ ಬರೆಯೋದಾ ಎಂದು ಕೇಳಿದರು. ಕೋಪ ನೆತ್ತಿಗೇರಿತು. ಆದರೂ ಎದುರಿಗೆ ಹೋಗುತ್ತಿದ್ದ ಬಸ್ಸುಗಳನ್ನು ನೋಡಿ ನೋಡಿ ನನ್ನ ಬಸ್ಸನ್ನು ಇನ್ನಷ್ಟು ತಿದ್ದಿದೆ.

ಸೋಮವಾರ ಮೂವರ ಚೌಕಗಳನ್ನೂ ಲ್ಯಾಬಿನ ಗೋಡೆಗೆ ಸಾಲಾಗಿ ಅಂಟಿಸಿದೆವು. ಸರ್ ಕೈಕಟ್ಟಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿದರು. ಅವನ ಚೌಕಗಳ ಹತ್ತಿರ ಬಂದು ನಿಂತು, ಬಸ್ಸು ಯಾಕ್ರಪ್ಪ ವಾಪಸ್ಸು ಹೊರಟಿತು ಎಂದರು.

ನಿಜ. ಗೆಳತಿಯ ಬಸ್ಸು, ನನ್ನ ಬಸ್ಸು ಎರಡೂ ಬಲದಿಂದ ಎಡಕ್ಕೆ ಓಡುತ್ತಿದ್ದವು. ಅವನ ಚೌಕಕ್ಕೆ ಬರುತ್ತಲೇ ಅದೇ ಬಸ್ಸು ಎಡದಿಂದ ಬಲಕ್ಕೆ ಓಡುತ್ತಿತ್ತು. ಪರದೆಯ ಮೇಲೆ ನೋಡುವವರಿಗೆ ದಾರಿಯ ಮಧ್ಯೆ ಬಸ್ಸು ತಿರುಗಿಸಿಕೊಂಡು ಬಂದಂತೆ ಕಾಣುತ್ತದೆ. ಒಂದು ಕಡೆಗೆ ಹೊರಟದ್ದು ಕೊನೆಯವರೆಗೂ ಅದೇ ಕಡೆಗೆ ಹೋಗಬೇಕು ಎಂಬುದು ಈ ಕೆಲಸದ ಮೊದಲ ಪಾಠ. ನಾವು ಮೂವರೂ ಕಲಿತಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು. ಆದರೂ ಮನೆಯಲ್ಲಿ ಕೂತು ಬರೆಯುವಾಗ ಒಬ್ಬರಿಗೂ ಅದು ನೆನಪಾಗಿರಲಿಲ್ಲ. ಸಂಜೆಯ ಬಸ್ಸು ಎಂದರೆ ನಮ್ಮ ನಮ್ಮ ಬಾಗಿಲಿಗೆ ಅದು ಯಾವ ಕಡೆಯಿಂದ ಬರುತ್ತದೋ ಆ ಕಡೆಯಿಂದಲೇ ಬಂದಿತ್ತು. ನಮ್ಮ ಜಗಲಿಗೆ ಚಾಮರಾಜನಗರದ ಬಸ್ಸು ಬಲಗಡೆಯಿಂದ ಬರುತ್ತದೆ. ಅವನ ಅವ್ವ ನಿಲ್ಲುವ ಕಡೆಗೆ ಎಡಗಡೆಯಿಂದ ಬರುತ್ತದೆ. ಮೂವರೂ ಅವರವರ ಮನೆಗೆ ಬಸ್ಸು ತಂದು ನಿಲ್ಲಿಸಿದ್ದೆವು.

ಮೊದಲು ಎಲ್ಲರೂ ನಕ್ಕೆವು. ಆಮೇಲೆ ಯಾರ ಚೌಕ ಬದಲಾಗಬೇಕು ಎಂಬ ಮಾತು ಬಂತು. ಹೊಸದಾಗಿ ಬರೆಯಲು ದಿನಗಳಿರಲಿಲ್ಲ. ಶನಿವಾರ ರಿವ್ಯೂ, ಅದರ ಮರುದಿನದಿಂದ ಲ್ಯಾಬಿಗೆ ಬೀಗ. ಅದಕ್ಕಿಂತ ಹೆಚ್ಚಾಗಿ, ಮೈಸೂರಿನ ಆಸ್ಪತ್ರೆಯವರು ಅವ್ವನನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿಬಿಟ್ಟಿದ್ದರು. ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದೊಂದೇ ಉಳಿದ ಉಪಾಯ. ನನ್ನ ಮತ್ತು ಗೆಳತಿಯ ಚೌಕಗಳನ್ನು ತಿರುಗಿಸೋಣ ಎಂದು ನಾನು ಹಟ ಹಿಡಿದೆ. ಕಥೆ ಅವನದು, ಅವನ ತಿರುವು ಹೇಗಿದೆಯೋ ಹಾಗೇ ಇರಲಿ ಎಂದೆ. ತಿರುಗಿಸಿಯೂ ನೋಡಿದೆವು. ಗೆಳತಿ ಮುತ್ತಿನಂತೆ ಬರೆದಿದ್ದ ಅಂಗಡಿ ಬೋರ್ಡುಗಳೆಲ್ಲ ಉಲ್ಟಾ ಆದವು. ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು ಉಲ್ಟಾ. ನನ್ನ ಚೌಕದಲ್ಲಿ ಮೈಲಿಗಲ್ಲು, ಗೊಬ್ಬರದ ಜಾಹೀರಾತಿನ ಗೋಡೆ, ಎಲ್ಲ ಉಲ್ಟಾ. ಅವನ ಚೌಕಗಳಲ್ಲಿ ಮಾತ್ರ ಒಂದಕ್ಷರವೂ ಇರಲಿಲ್ಲ. ಕಾಡಿನಂಚಿನಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಮರ, ಕತ್ತಲೆ, ಒಬ್ಬ ಹೆಂಗಸು. ತಿರುಗಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಸರ್ ಹೇಳಿದರು.

"ನನ್ವೇ ಕಡ್ಮೆ ಅವೆ, ತಿರುಗ್ಸ್ಬುಡನ ಕಣಮ್ಮಿ," ಎಂದ ಅವನು. ತಾನೇ ಕೂತು ಗುಂಡಿ ಒತ್ತಿದ.

ಒತ್ತಿದ ಮೇಲೆ ಪರದೆಯ ಹತ್ತಿರ ಬಗ್ಗಿ ನೋಡಿದ. ಅವ್ವನ ಸೆರಗು ಬಲಭುಜಕ್ಕೆ ಹೋಗಿತ್ತು. ಟಾರ್ಚು ಎಡಗೈಗೆ ಬಂದಿತ್ತು. ಅದನ್ನೆಲ್ಲ ಒಂದೊಂದಾಗಿ ಅಳಿಸಿ, ಸೆರಗನ್ನು ಎಡಭುಜಕ್ಕೂ ಟಾರ್ಚನ್ನು ಬಲಗೈಗೂ ತಂದ. ಬಸ್ಸನ್ನು ಮುಟ್ಟಲಿಲ್ಲ. ಬಸ್ಸು ಈಗ ಸರಿಯಾಗಿತ್ತಲ್ಲ, ಹೊರಟ ಕಡೆಗೇ ಹೋಗುತ್ತಿತ್ತು.

ಇನ್ನೊಂದು ತಿದ್ದುಪಡಿ ಸರ್ ಹೇಳಿದ್ದು. ಅವನು ಮೊದಲ ಭಾಗವನ್ನು ಕಾಲುಗಳವರೆಗೂ ಬರೆದಿದ್ದ. ಬಸ್ಸು ನಿಲ್ಲುತ್ತದೆ, ಅವ್ವ ಬಗ್ಗುತ್ತಾಳೆ, ಬಸ್ಸಿನಡಿಯಲ್ಲಿ ಎರಡು ಚಪ್ಪಲಿಗಾಲು ಇಳಿಯುತ್ತವೆ, ಆಮೇಲೆ ಶೀರ್ಷಿಕೆ. ಸರ್ ಕಾಲಿನ ಚೌಕವನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದು, ಇದನ್ನು ಈಗಲೇ ತೋರಿಸಿಬಿಟ್ಟರೆ ಮುಂದೆ ನೋಡುವುದಕ್ಕೆ ಏನಿದೆ ಎಂದರು. ಅವ್ವ ಬಗ್ಗಿದ್ದಕ್ಕೆ ನಿಲ್ಲಿಸಿ, ಅಲ್ಲಿ ಶೀರ್ಷಿಕೆ ಹಾಕಿ, ನೋಡುವವರೂ ಕಾಯಲಿ, ಕಾಲು ಎರಡನೆಯ ಭಾಗಕ್ಕಿರಲಿ ಎಂದರು. ಒಳ್ಳೆಯ ಸಲಹೆ. ಈಗ ಯಾರಾದರೂ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಅವನು ಆ ಚೌಕವನ್ನು ಮಡಿಸದೆ ಬ್ಯಾಗಿನೊಳಗೆ ಇಟ್ಟುಕೊಂಡ.

ಶನಿವಾರದ ರಿವ್ಯೂ ಚೆನ್ನಾಗಿಯೇ ನಡೆಯಿತು. ನೋಡಲು ಬಂದಿದ್ದವರು ಮೂರೇ ಜನ, ಅದರಲ್ಲಿ ಒಬ್ಬರು ಕಾಮರ್ಸಿನವರು. ಮೊದಲ ಭಾಗ ಇಷ್ಟು ಚೆನ್ನಾಗಿದೆ, ಮುಂದುವರಿಸಿ ಎಂದು ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಮುಂದುವರಿಸಲು ಲ್ಯಾಬು ಕೊಡುತ್ತೀರಾ ಎಂದು ನಾನು ಕೇಳಿಬಿಟ್ಟೆ. ಅವರು ನಗುತ್ತ ಹೊರಗೆ ಹೋದರು. ಸಂಜೆ ನಾವು ಮೂವರೂ ಸೇರಿ ವಿಡಿಯೋವನ್ನು ಗೆಳತಿಯ ಲ್ಯಾಪ್‌ಟಾಪಿಗೆ ಹಾಕಿಕೊಂಡೆವು. ಮಾರನೆಯ ದಿನ ಭಾನುವಾರ, ಅವನ ಜೊತೆ ಪುಣಜನೂರಿನ ಬಸ್ಸು ಹತ್ತಿದೆವು.

ಆ ತಿರುವನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಅಷ್ಟು ದಿನ ಅವನ ಚೌಕಗಳಲ್ಲಿ ನೋಡಿದ್ದೆನಲ್ಲ, ಹೊಂಗೆಮರವನ್ನು ಕಂಡ ಕೂಡಲೇ ಗುರುತಿಸಿದೆ. ಬಸ್ಸು ನಮ್ಮನ್ನು ಇಳಿಸಿತು. ಬಸ್ಸಿನ ಮುಂದಿನಿಂದ ಸುತ್ತಿಕೊಂಡು ಕಾಲುದಾರಿಗೆ ಬಂದೆವು. ದಾರಿಯ ಬಾಯಲ್ಲಿ ಯಾರೂ ನಿಂತಿರಲಿಲ್ಲ. ಮಟಮಟ ಮಧ್ಯಾಹ್ನ, ಆದರೂ ಡ್ರೈವರು ನಾವು ಒಂದಿಷ್ಟು ದೂರ ಹೋಗುವ ತನಕ ನಿಂತಿದ್ದು ಆಮೇಲೆ ಹೊರಟ. ಅಭ್ಯಾಸಬಲ.

ಅವ್ವ ಹೊರಗಿನ ಕೋಣೆಯಲ್ಲಿ ಮಂಚದ ಮೇಲಿದ್ದಳು. ಅವನು ಬರೆದಿದ್ದ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ ನಾನು, ಇವರು ಅಜ್ಜಿ ಇರಬೇಕು, ಅವ್ವ ಒಳಗಿರಬೇಕು ಎಂದುಕೊಂಡೆ. ಅಷ್ಟು ಇಳಿದುಹೋಗಿದ್ದಳು. ಅವಳ ತಂಗಿ, ಅಂದರೆ ಅವನ ಚಿಕ್ಕವ್ವ, ದಿಂಬು ಕೊಟ್ಟು ಒರಗಿಸಿ ಕೂರಿಸಿದಳು. ಅವ್ವ ನಮ್ಮಿಬ್ಬರ ಊರು ಕೇಳಿದಳು, ಊಟ ಮಾಡಿಕೊಂಡೇ ಹೋಗಬೇಕೆಂದಳು, ಗುಂಡ್ಲುಪೇಟೆಯಲ್ಲಿ ಹೂವಿಗೆ ಈ ಸಲ ಬೆಲೆ ಹೇಗೆ ಎಂದು ವಿಚಾರಿಸಿದಳು. ದನಿ ಸಣ್ಣದಾಗಿತ್ತೇ ಹೊರತು ಮಾತು ನೇರವಾಗಿತ್ತು. ಗೆಳೆಯ ಬಾಗಿಲು ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಲ್ಯಾಪ್‌ಟಾಪನ್ನು ಅವಳ ಮುಂದೆ ಸ್ಟೂಲಿನ ಮೇಲೆ ಇಟ್ಟ. ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ.

ಬಸ್ ಸ್ಟ್ಯಾಂಡು ಬಂದಾಗ ಅವ್ವ ನಕ್ಕಳು. ನಗ್ರದ ಬಸ್ ಸ್ಟ್ಯಾಂಡ್ ಇದ್ದಂಗೇ ಅದೆ ಎಂದು ತಂಗಿಗೆ ಹೇಳಿದಳು. ಚಾಮರಾಜನಗರ ಆ ಕಡೆಯವರ ಬಾಯಲ್ಲಿ ನಗ್ರ. ಕಿಟಕಿಯ ಪಕ್ಕದ ಹುಡುಗನನ್ನು ಕಂಡು, ಯಾರ ಮಗ ಪಾಪ, ಮನೆಗೆ ಹೊರಟದೆ ಎಂದಳು. ಹೊಲಗಳು ಹೋದವು, ಕತ್ತಲಾಯಿತು. ಹೊಂಗೆಮರ ಬಂತು, ತಿರುವು ಬಂತು, ಟಾರ್ಚು ಹಿಡಿದ ಹೆಂಗಸು ಬಂದಳು. ಅವ್ವ ಕತ್ತು ಮುಂದೆ ಚಾಚಿದಳು. ಬಸ್ಸು ಬಲಗಡೆಯಿಂದ ಬಂದು ಆ ಹೆಂಗಸಿನ ಎದುರಿಗೆ ನಿಂತಿತು. ಹೆಂಗಸು ಬಗ್ಗಿದಳು. ಅಷ್ಟರಲ್ಲಿ ಕಪ್ಪಾಗಿ ಶೀರ್ಷಿಕೆ ಬಂತು.

ಅವ್ವನ ಹಣೆಯಲ್ಲಿ ಗೆರೆ ಮೂಡಿತ್ತು, ಏನನ್ನೋ ಲೆಕ್ಕ ಹಾಕುವವಳಂತೆ.

"ನಮ್ ತಿರುವಿನಂಗೇ ಅದೆ, ಆದ್ರೆ ನಮ್ದಲ್ಲ," ಎಂದಳು. "ಇದು ಸತ್ಯಮಂಗಲದ ಕಡೆಯಿಂದ ಬಂದ್ ಬಸ್ಸು ಕಣ್ ಮಗ. ನಗ್ರಕ್ ಓಗೋದು. ಬಾಗ್ಲೂ ಇಲ್ಲ ಅದ್ಕೆ. ಗಟ್ಟಿಮುಟ್ಟಾದ್ ಹೆಂಗ್ಸು, ಪಾಪ, ಬರದೆ ಇರೋ ಬಸ್ಗೆ ಬಂದು ನಿಂತವ್ಳೆ. ಆ ಕೂಸು ಅದ್ಯಾವ್ ಬಸ್ ಅತ್ತಿಬುಡ್ತೋ."

ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತರೆ ಮಗನನ್ನು ತರುವ ಬಸ್ಸು ಎಡಗಡೆಯಿಂದ ಬರುತ್ತದೆ. ಬಲಗಡೆಯಿಂದ ಬರುವುದು ಬೆಳಿಗ್ಗೆ ಮಗನನ್ನು ಕರೆದುಕೊಂಡು ಹೋಗುವ ಬಸ್ಸು. ಆ ಬಸ್ಸಿನ ಬಾಗಿಲು ಇವಳ ಕಡೆಗೇ ಇರುತ್ತದೆ. ನಾವು ತಿರುಗಿಸಿದ ಬಸ್ಸಿಗೆ ಅವಳ ಕಡೆ ಬಾಗಿಲಿರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಇಷ್ಟು ವರ್ಷ ದಿನವೂ ನಿಂತು ನೋಡಿದವಳಿಗೆ ಅದು ಬೇರೆ ಯಾರದೋ ತಿರುವು, ಬೇರೆ ಯಾರೋ ಹೆಂಗಸು. ಅವ್ವ, ಅದು ನೀವೇ ಎನ್ನಲು ಬಾಯಿ ತೆರೆದೆ. ಗೆಳೆಯ ನನ್ನ ಕಡೆ ತಿರುಗಿ ಬೇಡ ಎನ್ನುವಂತೆ ತಲೆಯಾಡಿಸಿದ.

"ಮುಂದಕ್ಕೆ ಇಲ್ವಾ?" ಎಂದಳು ಅವ್ವ.

ಇನ್ನೂ ಬರ್ದಿಲ್ಲ ಕಣವ್ವ, ಎಂದ ಅವನು.

"ಅಂಗಾರೆ ಇನ್ನೊಂದ್ಸಲ ಆಕು ಮಗ. ಇಳಿತದೇನೋ ನೋಡನ."

ಅವನು ಹಾಕಿದ. ಆಮೇಲೂ ಹಾಕಿದ. ಅವಳು ಕೇಳಿದಷ್ಟು ಸಲವೂ ಹಾಕಿದ. ಪ್ರತಿಸಲವೂ ಬಸ್ಸು ಅದೇ ಕಡೆಯಿಂದ ಬಂತು, ಅದೇ ಹೆಂಗಸು ಬಗ್ಗಿದಳು, ಅಷ್ಟಕ್ಕೇ ಶೀರ್ಷಿಕೆ ಬಂತು. ಕಾಲಿನ ಚೌಕ ಅವನ ಬ್ಯಾಗಿನಲ್ಲೇ ಇತ್ತು, ಬ್ಯಾಗು ಅಲ್ಲೇ ಗೋಡೆಗೆ ನೇತುಹಾಕಿತ್ತು. ಯಾಕೆ ತೆಗೆದು ತೋರಿಸಲಿಲ್ಲ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ. ತೆಗೆದು ತೋರಿಸಿದ್ದರೂ ಅದು ಬೇರೆ ಯಾರದೋ ಮಗನ ಕಾಲಾಗಿರುತ್ತಿತ್ತು. ಕೊನೆಗೆ ಅವ್ವ ಸುಸ್ತಾಗಿ ಕಣ್ಣು ಮುಚ್ಚಿದಳು. ಚೆನ್ನಾಗಿ ಬರ್ದೀಯೆ ಎಂದು ಅವನ ಕೈ ತಟ್ಟಿದಳು. ಚಿಕ್ಕವ್ವ ಕಿಟಕಿ ತೆರೆದಳು. ನಾವು ಊಟಕ್ಕೆ ಕೂತೆವು.

ಲ್ಯಾಬಿಗೆ ಹೇಳಿದ ದಿನವೇ ಬೀಗ ಬಿತ್ತು. ಬೇರೆಲ್ಲಾದರೂ ಕಂ‍ಪ್ಯೂಟರು ಹುಡುಕಿ ಅವನ ಚೌಕಗಳನ್ನು ಮೊದಲಿನಂತೆ ಮಾಡೋಣ, ಬೋರ್ಡುಗಳು ಉಲ್ಟಾ ಆದರೆ ಆಗಲಿ ಎಂದು ನಾನು ಫೋನು ಮಾಡಿ ಮಾಡಿ ಹೇಳಿದೆ. ನೋಡನ ಎನ್ನುತ್ತಿದ್ದ. ಗೆಳತಿಯ ಲ್ಯಾಪ್‌ಟಾಪಿನಲ್ಲಿ ಆ ಕೆಲಸಕ್ಕೆ ಬೇಕಾದ್ದು ಇರಲಿಲ್ಲ. ಎಲ್ಲಿಯಾದರೂ ಸಿಗುವ ಮೊದಲೇ ಅವನ ಫೋನು ಬಂತು. ಅವ್ವ ಓಗ್ಬುಟ್ಲು ಕಣಮ್ಮಿ ಎಂದಷ್ಟೇ ಹೇಳಿದ.

ತಿಥಿಗೆ ನಾನೂ ಗೆಳತಿಯೂ ಹೋಗಿದ್ದೆವು. ಊಟವಾಗಿ, ನೆಂಟರೆಲ್ಲ ಚದುರಿ, ನಾವು ಹೊರಡುವಾಗ ಸಂಜೆಯಾಗಿತ್ತು. ಚಾಮರಾಜನಗರಕ್ಕೆ ಹೋಗುವ ಬಸ್ಸು ನಿಲ್ಲುವುದೂ ಕಾಲುದಾರಿಯ ಬಾಯಲ್ಲೇ. ಅವನು ತಲೆ ಬೋಳಿಸಿಕೊಂಡಿದ್ದ, ಟಾರ್ಚು ಹಿಡಿದು ನಮ್ಮನ್ನು ಹತ್ತಿಸಲು ಬಂದ. ಬೆಳಗಿನ ಬಸ್ಸಿಗೆ ಅಲ್ಲಿ ಅವನು ನೂರಾರು ಸಲ ನಿಂತಿದ್ದವನು. ಸಂಜೆಯ ಬಸ್ಸಿಗೆ ಎಂದೂ ನಿಂತಿರಲಿಲ್ಲ, ಸಂಜೆ ಯಾವಾಗಲೂ ಅವನು ಬಸ್ಸಿನೊಳಗೇ ಇರುತ್ತಿದ್ದನಲ್ಲ.

ನಮ್ಮ ಬಸ್ಸು ಬರುವ ಮೊದಲೇ ಚಾಮರಾಜನಗರದಿಂದ ಬರುವ ಸಂಜೆಯ ಬಸ್ಸು ಬಂತು. ಎಡಗಡೆಯಿಂದ ಬಂತು. ಹೊಂಗೆಮರ ದಾಟಿ ನಮ್ಮೆದುರಿಗೆ ನಿಂತಿತು. ರಸ್ತೆಯ ಆ ಬದಿ ಪೂರ್ತಿ ಮುಚ್ಚಿಹೋಯಿತು, ಬಸ್ಸು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ಕಡೆ ಬಾಗಿಲು ತೆರೆದ ಸದ್ದು ಕೇಳಿಸಿತು. ಗೆಳೆಯ ನಮ್ಮ ಜೊತೆ ಏನೋ ಮಾತಾಡುತ್ತಿದ್ದವನು ನಿಲ್ಲಿಸಿದ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ಬಸ್ಸಿನಡಿಯಲ್ಲಿ ನೋಡಿದ.

ಯಾರೂ ಇಳಿದಿರಲಿಲ್ಲ. ಯಾರೋ ಹತ್ತಿದ್ದಿರಬೇಕು. ಬಸ್ಸಿನ ದೀಪ ಕಾಲುದಾರಿಯ ಮೇಲೆ ಬಿದ್ದಿತ್ತು. ಇವನು ಮನೆಗೆ ಹೋಗುತ್ತಾನೆಂದು ತಿಳಿದ ಡ್ರೈವರು ಕದಲದೆ ಕಾಯುತ್ತಿದ್ದ. ಹೋಗಣ್ಣ ಎಂದು ನಾನೇ ಕೈಬೀಸಿದೆ. ಒಮ್ಮೆ ಹಾರನ್ ಹೊಡೆದು ಬಸ್ಸು ತಿರುವು ದಾಟಿ ಹೋಯಿತು. ಅವನು ಇನ್ನೂ ಬಗ್ಗಿಯೇ ಇದ್ದ.